ಕಚ್ಚದ ಕಾಲ್ಮರಿ

ಕೃಷ್ಣಾ ದಂಡೆಯ ಜುಗೂಳದಲ್ಲಿ ಯಾರೇ ಹೊಸ ಚಪ್ಪಲಿ ಕೊಂಡರೂ ಅದನ್ನು ಮೊದಲು ಮೆಟ್ಟುವವನು ಭೀಮಸಿ. ಪರವೂರಿನವರು ಇದನ್ನು ಕೇಳಿ ನಗುತ್ತಿದ್ದರು. ನಗಲಿ ಬಿಡಿ. ಅಥಣಿ ಕಡೆಯ ಹೊಸ ಚಪ್ಪಲಿ ಮೆಟ್ಟಿ ಒಂದು ಹರದಾರಿ ನಡೆದು ನೋಡಿದವರು ಯಾರೂ ನಗುವುದಿಲ್ಲ. ಜಾಲಿ ತೊಗಟೆಯ ನೀರಿನಲ್ಲಿ ಹದ ಮಾಡಿದ ಎಮ್ಮೆಯ ತೊಗಲು, ಮೂರು ಪದರದ ಅಟ್ಟೆ, ಹೊಲಿಗೆಗೂ ತೊಗಲಿನದೇ ದಾರ. ಪಳಗಿತೆಂದರೆ ಮೂರು ವರ್ಷಕ್ಕೆ ಮೋಸವಿಲ್ಲ, ಕಾಲಲ್ಲಿ ಇದೆಯೆಂಬುದೇ ಮರೆತುಹೋಗುತ್ತದೆ. ಪಳಗುವತನಕ ಮಾತ್ರ ಹೆಬ್ಬೆರಳ ಸಂದಿ, ಹಿಮ್ಮಡಿ, ಕಿರುಬೆರಳ ಬುಡ ಎನ್ನದೆ ಸಿಕ್ಕಲ್ಲಿ ಕಚ್ಚಿ ಮನುಷ್ಯನನ್ನು ಕುಂಟಿಸುತ್ತದೆ.

ಆ ಸೀಮೆಯಲ್ಲಿ ಚಪ್ಪಲಿಗೆ ಕಾಲ್ಮರಿ ಎಂದೂ ಹೆಸರುಂಟು. ಇಪ್ಪತ್ತು ಕುರಿ, ಎರಡೆಕರೆ ಜೋಳದ ಹೊಲ, ಇಷ್ಟೇ ಆಸ್ತಿಯ ಭೀಮಸಿಗೆ ಆ ಹೆಸರಿನ ಮೇಲೆ ಬಲು ಪ್ರೀತಿ. “ಕುರಿಮರಿ ಪಳಗಸಾಂವಗ ಕಾಲ್ಮರಿ ಪಳಗಸೂದು ಏನ್ ದೊಡ್ಡದ್ರಿ?” ಎಂದು ಮೀಸೆಯೊಳಗೇ ನಗುತ್ತಿದ್ದ. ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ಮನೆಯವರು ತಾವೇಕೆ ಕಚ್ಚಿಸಿಕೊಂಡಾರು? ಹೊಸ ಜೋಡು ಬಂದೊಡನೆ ಅವನಿಗೆ ಕಳಿಸುತ್ತಿದ್ದರು. ಅವನ ಪಾದ ಊರಿನ ಬಹಳಷ್ಟು ಗಂಡಸರ ಅಳತೆಗೆ ಹತ್ತಿರವಿತ್ತು. ಎರಡು ದಿನ ಔಡಲೆಣ್ಣೆ ಕುಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಆಮೇಲೆ ಮೆಟ್ಟಿಕೊಂಡು ಹತ್ತು ದಿನ ಕುರಿಗಳ ಹಿಂದೆ ತಿರುಗುತ್ತಿದ್ದ. ಅದಕ್ಕೆ ಕೂಲಿ ಎಂದೇನೂ ಇರಲಿಲ್ಲ. ಕಬ್ಬು ಕಡಿದ ಗದ್ದೆಯ ಸೋಗೆಯನ್ನು ಅವನ ಕುರಿ ಮೇಯಬಹುದು, ಯಾರೂ ತಡೆಯುವುದಿಲ್ಲ, ಇಷ್ಟೇ. ಊರಿನ ದೊಡ್ಡ ಜಮೀನುದಾರ ಭಾವುಸಾಹೇಬರ ಇಪ್ಪತ್ತೆಕರೆ ಕಬ್ಬಿನ ಸೋಗೆಯಲ್ಲೇ ಅವನ ಕುರಿಗಳ ಅರ್ಧ ವರ್ಷ ಕಳೆಯುತ್ತಿತ್ತು.

ಕಚ್ಚಿಸಿಕೊಳ್ಳುವುದು ಯಾರಿಗಾದರೂ ಬಂದೀತು. ಭೀಮಸಿಯ ಹೆಚ್ಚುಗಾರಿಕೆ ಬೇರೆಯಿತ್ತು. ಎಲ್ಲಿ ಕಚ್ಚುತ್ತದೆ, ಏರಿನಲ್ಲೋ ಇಳಿಜಾರಿನಲ್ಲೋ, ಮುಂಜಾನೆಯೋ ಬಿಸಿಲೇರಿದ ಮೇಲೋ, ಎಲ್ಲವನ್ನೂ ನೆನಪಿಟ್ಟುಕೊಂಡು ಕಾಶಿಬಾಯಿಗೆ ಹೋಗಿ ಒಪ್ಪಿಸುತ್ತಿದ್ದ. ಕಾಶಿಬಾಯಿ ಕಾಗವಾಡದಾಚೆಯ ಹಳ್ಳಿಯವಳು, ಆ ಸುತ್ತಿನ ಚಪ್ಪಲಿಗಳನ್ನೆಲ್ಲ ಹೊಲಿಯುವವಳು. ಅವರ ಕಸುಬಿನಲ್ಲಿ ಅಟ್ಟೆ ಕತ್ತರಿಸುವುದು ಗಂಡಸರ ಕೆಲಸ, ಮೇಲಿನ ಪಟ್ಟಿ ಹೆಣೆಯುವುದು ಹೆಂಗಸರದು. ಗಂಡ ತೀರಿಕೊಂಡ ಮೇಲೆ ಅವಳು ಎರಡನ್ನೂ ಮಾಡುತ್ತಿದ್ದಳು, ಯಾರಿಗೂ ಅಂಜುತ್ತಿರಲಿಲ್ಲ. “ಮಂದಿ ಕಚ್ಚತೈತಿ ಅಂತಾರ, ಅಷ್ಟ. ಭೀಮಸಿ ಯಾಕ ಕಚ್ಚತೈತಿ ಅಂತ ಹೇಳತಾನ. ಅಂವನ ಕಾಲಿಗೆ ನಾಲಿಗಿ ಐತಿ” ಎನ್ನುತ್ತಿದ್ದಳು. ಅವನು ತೋರಿಸಿದ ಜಾಗಕ್ಕೆ ಮರದ ಕೊಡತಿಯಿಂದ ನಾಲ್ಕು ಏಟು ಕೊಟ್ಟರೆ ಚಪ್ಪಲಿ ಬಾಯಿ ಮುಚ್ಚುತ್ತಿತ್ತು.

ಇಷ್ಟು ಜನರ ಕಾಲಿನ ಚಿಂತೆ ಹೊತ್ತವನ ಹೆಂಡತಿ ಕೆಂಪವ್ವ ಮಾತ್ರ ಜನ್ಮದಲ್ಲಿ ಚಪ್ಪಲಿ ಮೆಟ್ಟಿದವಳಲ್ಲ. ಆ ಮನೆತನದ ಹೆಂಗಸರು ಮೆಟ್ಟುತ್ತಿರಲಿಲ್ಲ. ಮೆಟ್ಟುವ ಬೇರೆ ಹೆಂಗಸರೂ ಹಿರಿಯರು ಕೂತ ಬೇವಿನ ಕಟ್ಟೆ ಬಂದೊಡನೆ ಕಳಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಕೆಂಪವ್ವ ಎತ್ತರದ ಹೆಂಗಸು, ಪಾದ ಗಂಡನಷ್ಟೇ ಉದ್ದ. “ಅಂಗಳದಾಗ ನಿನ್ನ ಹೆಜ್ಜಿ ನೋಡಿದ್ರ ಯಾವನೋ ಗಂಡಸ ಬಂದು ಹೋಗ್ಯಾನ ಅನಸ್ತೈತಿ ಬೇ” ಎಂದು ಭೀಮಸಿ ಕಾಡಿಸುತ್ತಿದ್ದ. “ಬಂದ್ರ ಬರ್ಲಿ, ಕುರಿ ಕಾಯಾಕ ಹಚ್ಚತೀನಿ” ಎಂದು ಅವಳು ಎದುರುತ್ತರ ಕೊಡುತ್ತಿದ್ದಳು.

ಎಂಬತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಭೀಮಸಿಗೆ ಒಂದು ಸಂತೋಷವಾಯಿತು. ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಂತರೂ ಕಾಲು ಸುಡುತ್ತಿರಲಿಲ್ಲ. ಕೊಯ್ದ ಜೋಳದ ಕೂಳೆ ಚುಚ್ಚುತ್ತಿರಲಿಲ್ಲ. ಇಷ್ಟು ವರ್ಷ ದುಡಿದ ಪಾದ ಕಡೆಗೂ ಗಟ್ಟಿಯಾಯಿತೆಂದು ತಿಳಿದು ಎದೆಯುಬ್ಬಿಸಿದ. ತೊಡೆಯ ಹಿಂದೆ ಮಾಸಲು ಬಣ್ಣದ ಕಲೆಯೊಂದು ಎದ್ದಿತ್ತು. ಗಜಕರ್ಣವಿರಬೇಕೆಂದು ಕೆಂಪವ್ವ ಬೇವಿನೆಲೆ ಅರೆದು ಹಚ್ಚಿದಳು, ಅದು ಹೋಗಲಿಲ್ಲ, ಇಬ್ಬರೂ ಮರೆತರು.

ದಸರೆಯ ಮೇಲೆ ಭಾವುಸಾಹೇಬರು ಹೊಸ ಜೋಡು ಕಳಿಸಿದರು. ಅದು ಅಂತಿಂಥ ಜೋಡಲ್ಲ. ಹಿರಿಮಗನ ಜ್ವರ ಇಳಿದರೆ ಕಾರ್ತಿಕದ ಏಕಾದಶಿಗೆ ಪಂಢರಪುರಕ್ಕೆ ನಡೆದೇ ಬರುವೆನೆಂದು ವಿಠ್ಠಲನಿಗೆ ಹರಕೆ ಹೊತ್ತಿದ್ದರು. ಮಗ ಎದ್ದು ಓಡಾಡುತ್ತಿದ್ದ, ಇನ್ನು ಅಪ್ಪನ ಸರದಿ. “ಎಂಟ ದಿನದ ದಾರಿ ಐತಿ ಭೀಮಸಿ. ನನ್ನ ನವಸ ನಿನ್ನ ಕಾಲಾಗೈತಿ ನೋಡಪಾ” ಎಂದರು.

ಭೀಮಸಿ ಹತ್ತು ದಿನವಲ್ಲ, ಹನ್ನೆರಡು ದಿನ ಮೆಟ್ಟಿ ತಿರುಗಿದ. ಒಂದು ದಿನವೂ ಕಚ್ಚಲಿಲ್ಲ. ಇಂಥ ಚಪ್ಪಲಿಯನ್ನು ಅವನು ಕಂಡೇ ಇರಲಿಲ್ಲ. ಭಾವುಸಾಹೇಬರ ಪಡಸಾಲೆಯಲ್ಲಿ ಜೋಡನ್ನು ಇಟ್ಟು ಹತ್ತು ಮಂದಿಯ ಮುಂದೆ ಹೇಳಿದ: “ಈ ಸಲ ಕಾಲ್ಮರಿ ಕಚ್ಚಲೇ ಇಲ್ಲರಿ ಸಾಹೇಬ್ರ. ಹೂವಿನ ಮ್ಯಾಲ ನಡದಂಗ ಹೋಗಿ ಬರ್ರಿ.”

ಭಾವುಸಾಹೇಬರು ಮಿರಜ ದಾಟಿ ಇನ್ನೊಂದು ಮುಕ್ಕಾಂ ಹೋಗಲಿಲ್ಲ. ಎರಡನೆಯ ದಿನ ಎಡಗಾಲ ಹೆಬ್ಬೆರಳು ಬುಡದಲ್ಲಿ ಹರಿದು ರಕ್ತ ಸುರಿಯಿತು. ಮೂರನೆಯ ದಿನ ಪಾದಕ್ಕೆ ಧೋತರದ ಅರಿವೆ ಸುತ್ತಿಕೊಂಡು ಟೆಂಪೋದಲ್ಲಿ ಊರಿಗೆ ಮರಳಿದರು. ಜೊತೆಗೆ ಹೊರಟಿದ್ದ ದಿಂಡಿಯ ಯಾತ್ರಿಕರು ಮುಂದೆ ಹೋದರು, ಹರಕೆ ರಸ್ತೆಯಲ್ಲೇ ಉಳಿಯಿತು. ಭೀಮಸಿಯನ್ನು ಕರೆಸಿ ಚಪ್ಪಲಿಯನ್ನು ಅವನ ಕಾಲಬುಡಕ್ಕೆ ಒಗೆದರು.

“ಮೆಟ್ಟಿದ್ದಿ ಏನೋ, ಗೂಟಕ್ಕ ತೂಗಹಾಕಿ ಸುಳ್ಳ ಹೇಳಿದ್ದಿ ಏನೋ ಲೇ?”

“ವಿಠ್ಠಲನ ಆಣಿ ಸಾಹೇಬ್ರ, ಹನ್ನೆರಡ ದಿನ…”

“ಅಂವನ ಹೆಸರ ತಗೀಬ್ಯಾಡ! ಇನ್ನ ನಿನ್ನ ಕುರಿ ನನ್ನ ಗದ್ದಿ ಬದುವಿಗೆ ಬರಬಾರದು.”

ಸುಳ್ಳುಗಾರ ಎನ್ನಿಸಿಕೊಂಡದ್ದು ಭೀಮಸಿಗೆ ಸೋಗೆ ಹೋದದ್ದಕ್ಕಿಂತ ಹೆಚ್ಚು ಸುಟ್ಟಿತು. ಮರುದಿನವೇ ಜೋಡನ್ನು ಕಂಕುಳಲ್ಲಿ ಇರುಕಿಕೊಂಡು ಕಾಶಿಬಾಯಿಯ ಮುಂದೆ ಹೋಗಿ ನಿಂತ. ತಪ್ಪು ಅವಳದೇ ಎಂದು ದಾರಿಯುದ್ದಕ್ಕೂ ತೀರ್ಮಾನ ಮಾಡಿಕೊಂಡು ಬಂದಿದ್ದ. ಕಾಶಿಬಾಯಿ ಎಡಗಾಲಿನ ಚಪ್ಪಲಿಯೊಳಗೆ ಬೆರಳಾಡಿಸಿದಳು. ಹೆಬ್ಬೆರಳು ತೂರಿಸುವ ತೊಗಲಿನ ಉಂಗುರದ ಬುಡದಲ್ಲಿ ಹೊಲಿಗೆಯ ಗಂಟೊಂದು ಕಡಲೆಯಷ್ಟು ಗಟ್ಟಿಯಾಗಿ ಎದ್ದು ನಿಂತಿತ್ತು.

“ಗಂಟು ನಂದ. ಹೊಡದ ಕೂಡಿಸೂದು ಬಿಟ್ಟೀನಿ, ತಪ್ಪ ಆಗೇತಿ” ಎಂದಳು. ಆಮೇಲೆ ಚಪ್ಪಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಆದ್ರ ಇಲ್ಲೆ ಎರಡ ರಕ್ತ ಅದಾವಲ್ಲೋ. ಮ್ಯಾಲಿಂದು ಸಾಹೇಬರದು. ಅಡಿಗಿಂದು ಹಳೇದು, ಎಣ್ಣಿ ಕೂಡ ತೊಗಲಾಗ ಇಳದು ಕರ್ರಗಾಗೇತಿ. ಅದು ಯಾರದು?”

ಭೀಮಸಿಗೆ ಅರ್ಥವಾಗಲಿಲ್ಲ. ಕಾಶಿಬಾಯಿ ಎಡಗಾಲು ಎತ್ತಿ ತೋರಿಸು ಎಂದಳು. ಹೆಬ್ಬೆರಳ ಅಡಿಯಲ್ಲಿ ಹುಣಸೆಬೀಜದಷ್ಟು ಅಗಲದ ತೂತು ಬಿದ್ದಿತ್ತು, ಅದರ ಸುತ್ತ ತೊಗಲು ಬೆಳ್ಳಗೆ ಗಟ್ಟಿಯಾಗಿತ್ತು. ಅವನು ಅದನ್ನು ನೋಡುತ್ತಿದ್ದುದು ಅದೇ ಮೊದಲು.

“ಬ್ಯಾನಿ ಆಗಲಿಲ್ಲೇನೋ?”

“ಇಲ್ಲವಾ.”

“ಆ ಬೇವಿನ ಗಿಡ ನೋಡಕೋತ ಕೂಡು. ನಾ ಉಳಿ ಮೊನಿ ಮುಟ್ಟಸ್ತೀನಿ. ಮುಟ್ಟಿದ ಕೂಡ್ಲೆ ಹೇಳು.”

ಭೀಮಸಿ ಬೇವಿನ ಗಿಡ ನೋಡುತ್ತ ಕೂತ. ಗಿಡದಲ್ಲಿ ಎರಡು ಗಿಳಿ ಜಗಳಾಡುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಬೇಜಾರು ಬಂತು. “ಎಷ್ಟೊತ್ತ? ಮುಟ್ಟಸ್ತಿ ಏನ ಇಲ್ಲ?”

ತಿರುಗಿ ನೋಡಿದರೆ ಕಾಶಿಬಾಯಿ ಉಳಿ ಕೆಳಗಿಟ್ಟು ಅಂಗಾಲಿನ ಮೇಲೆ ಮೂಡಿದ ನಾಲ್ಕು ಕೆಂಪು ಚುಕ್ಕೆಗಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವಳ ಕಣ್ಣು ತುಂಬಿದ್ದವು. “ನನ್ನ ಗಂಡನ ಅಣ್ಣಗ ಹಿಂಗs ಆಗಿತ್ತಪಾ. ಅಂವಾ ಮುಚ್ಚಿ ಇಟ್ಟ, ಕಾಲ ಹೋತು. ಈಗ ಗುಳಿಗಿ ಬಂದಾವ. ಕುಡಚಿ ಟೇಶನ್ ಕಡೆ ಧನಪಾಲ ಅನ್ನಾಂವ ಶನಿವಾರ ಬರತಾನ…”

ಆ ರೋಗದ ಹೆಸರನ್ನು ಅವಳು ಹೇಳಲೂ ಇಲ್ಲ. ಭೀಮಸಿ ಎದ್ದುನಿಂತ. ಹೆದರಿಕೆ ಸಿಟ್ಟಾಗಲು ಎಷ್ಟು ಹೊತ್ತು ಬೇಕು? “ಕೆರ ಹೊಲ್ಯಾಕಿ ಡಾಕ್ಟರಕಿ ಆಗ್ಯಾಳ! ಗಂಟ ಬಿಟ್ಟಾಕಿ ನೀನು, ಮಹಾರೋಗ ನನಗ ಹಚ್ಚತಿ?” ಎಂದು ಓಣಿಗೆ ಕೇಳುವಂತೆ ಕೂಗಿ ಹೊರಟುಹೋದ. ಹದಿನೈದು ವರ್ಷದ ವಿಶ್ವಾಸಕ್ಕೆ ಅವನು ಕೊಟ್ಟ ಬೆಲೆ ಅದು. ಮನುಷ್ಯ ಕೆಟ್ಟವನಲ್ಲ, ಆ ಹೊತ್ತು ಕೆಟ್ಟದ್ದು ಎಂದು ಹೇಳಬಹುದು. ಕಾಶಿಬಾಯಿಗೆ ಅದರಿಂದ ಸಮಾಧಾನವಾದೀತೆ?

ಆ ಚಳಿಗಾಲವೆಲ್ಲ ಭೀಮಸಿ ನಟಿಸಿದ. ಇನ್ನೂ ನಾಲ್ಕೈದು ಮನೆಯವರು ಚಪ್ಪಲಿ ಕಳಿಸುತ್ತಿದ್ದರು. ಮೆಟ್ಟಿಕೊಂಡು ನಡೆಯುತ್ತ ಬೇಕೆಂದೇ ಕುಂಟುತ್ತಿದ್ದ, “ಬಲಗಾಲ ಹಿಮ್ಮಡಿ ಕಡದೇತಿ” ಎಂದು ಅಂದಾಜಿನ ಮೇಲೆ ಹೇಳುತ್ತಿದ್ದ. ಕಾಶಿಬಾಯಿಯನ್ನು ತಪ್ಪಿಸಿ ಅವನು ಹೋಗುತ್ತಿದ್ದ ಬೇರೆ ಊರಿನ ಹೊಲಿಗೆಯವರು ತಿರುಗಿಸಿ ಮುರುಗಿಸಿ ನೋಡಿ, ಅಲ್ಲಿ ಏನೂ ಇಲ್ಲವಲ್ಲ ಎಂದು ಅವನ ಮುಖ ನೋಡುತ್ತಿದ್ದರು. ಎಂದೂ ಸುಳ್ಳು ಹೇಳದ ಕಾಲು ಹೀಗೆ ದಿನಕ್ಕೊಂದು ಸುಳ್ಳು ಹೇಳತೊಡಗಿತು. ಕುರಿಗಳಿಗೆ ಮೇವು ಸಾಲದೆ ನಾಲ್ಕನ್ನು ಮಾರಿದ. ಗಾಯಕ್ಕೆ ಅರಿಶಿನ, ಬೂದಿ, ಹೊಗೆಸೊಪ್ಪಿನ ಪುಡಿ ತುಂಬಿದ. ನೋಯದ ಗಾಯವಾದ್ದರಿಂದ ಅದರ ಮೇಲೆಯೇ ದಿನಕ್ಕೆ ಎರಡು ಹರದಾರಿ ನಡೆದ.

ಒಂದು ಮುಂಜಾನೆ ಕೆಂಪವ್ವ ಪಡಸಾಲೆ ಸಾರಿಸಿ ಒಣಗಲು ಬಿಟ್ಟಿದ್ದಳು. ಭೀಮಸಿ ಅದರ ಮೇಲೆ ಹಾದು ಹೊರಗೆ ಹೋದ. ಹಸಿ ಸೆಗಣಿಯ ನೆಲದ ಮೇಲೆ ಎಡಗಾಲ ಹೆಜ್ಜೆ ಮೂಡಿದಲ್ಲೆಲ್ಲ ಒಂದೊಂದು ಕೆಂಪು ಬೊಟ್ಟು. ಕುಂಕುಮದ ಭರಣಿ ಚೆಲ್ಲಿತೇನೋ ಎಂದು ಮೊದಲು ದೇವರ ಮಾಡ ನೋಡಿ ಬಂದಳು. ಆಮೇಲೆ ಬೊಟ್ಟುಗಳ ಬೆನ್ನು ಹತ್ತಿ ಹಿತ್ತಲಿಗೆ ಹೋಗಿ, ಕಲ್ಲಿನ ಮೇಲೆ ಕೂತಿದ್ದ ಗಂಡನ ಕಾಲನ್ನು ಕೇಳದೆಯೇ ಎತ್ತಿ ನೋಡಿದಳು.

ಭೀಮಸಿ ಎಲ್ಲ ಹೇಳಿದ. ಉಳಿಯ ಕತೆ, ಕಾಶಿಬಾಯಿಗೆ ಅಂದ ಮಾತು, ಕುಂಟುವ ನಾಟಕ. “ಮಂದಿಗೆ ಗೊತ್ತಾದ್ರ ಬಾವಿಗೆ ಬಿಡಂಗಿಲ್ಲ. ಓಣ್ಯಾಗ ಇರಗೊಡಂಗಿಲ್ಲ. ನೀ ನಿನ್ನ ತವರಿಗೆ ಹೋಗಿ ಬಿಡು” ಎಂದ.

“ನಡದ ಹೋಗಾಕ ನನಗೇನ ಕಾಲಿಲ್ಲಂದಿಯಾ? ಮನಸಿಲ್ಲ” ಎಂದಳು ಕೆಂಪವ್ವ. “ಶನಿವಾರ ಕುಡಚಿಗೆ ಹೋಗೂಣು.”

ಧನಪಾಲ ಸರಕಾರದ ಕುಷ್ಠರೋಗ ನಿರ್ಮೂಲನೆಯ ಕೆಲಸದವನು, ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ತಿರುಗುವ ತೆಳ್ಳಗಿನ ಮನುಷ್ಯ. ಭೀಮಸಿಯ ಕಣ್ಣು ಮುಚ್ಚಿಸಿ ಪೆನ್ನಿನ ತುದಿ ಮುಟ್ಟಿಸಿ ನೋಡಿದ, ತೊಡೆಯ ಕಲೆ ನೋಡಿದ, ಗಾಯ ತೊಳೆದು ಪಟ್ಟಿ ಕಟ್ಟಿದ. ಆಮೇಲೆ ಸುತ್ತಿ ಬಳಸದೆ ಹೇಳಿದ: “ಅದs ಐತಿ. ಹೆದರಬ್ಯಾಡ, ಗುಳಿಗಿ ತಪ್ಪದs ನುಂಗಿದ್ರ ರೋಗ ಸಾಯತೈತಿ, ಯಾರಿಗೂ ಹತ್ತಂಗಿಲ್ಲ. ಆದ್ರ ಸತ್ತ ನರ ತಿರಗಿ ಬರ್ತೈತಿ ಅಂತ ನಾ ಹೇಳಂಗಿಲ್ಲ. ಈ ಗಾಯ ಎಲುಬು ಮುಟ್ಟಿದ್ರ ಬೆರಳ ತಗೀತಾರ, ಆಮ್ಯಾಲ ಪಾದ. ಬರಿಗಾಲಲೇ ಒಂದ ಹೆಜ್ಜಿ ಇಡಬಾರದು. ಗಡಸ ಚಪ್ಪಲಿ ಮೆಟ್ಟಬಾರದು.”

ಹೀಗೆಂದು ಒಂದು ಜೊತೆ ಸ್ಯಾಂಡಲ್ ಕೊಟ್ಟ. ಕಪ್ಪು ರಬ್ಬರಿನ ಅಟ್ಟೆ, ಮೊಳೆ ಇಲ್ಲ, ಗಂಟಿಲ್ಲ. ಭೀಮಸಿ ಅದನ್ನು ಕೈಯ ಹೆಬ್ಬೆರಳಿನಿಂದ ಒತ್ತಿ ನೋಡಿದ. ಜೀವಮಾನವೆಲ್ಲ ಚಪ್ಪಲಿಯ ಸುಖ ದುಃಖ ಅಳೆದವನಿಗೆ ಒಂದೇ ಒತ್ತಿಗೆ ಗೊತ್ತಾಯಿತು, ಇಷ್ಟು ಮೆತ್ತನೆಯ ವಸ್ತುವನ್ನು ಮನುಷ್ಯರ ಕಾಲಿಗೆಂದು ಯಾರೂ ಈವರೆಗೆ ಮಾಡಿರಲಿಲ್ಲ. ಮೆಟ್ಟಿಕೊಂಡು ನಿಂತ. ಏನೂ ತಿಳಿಯಲಿಲ್ಲ. ಕಲ್ಲಿನ ಮೇಲೆ ನಿಂತಿದ್ದರೂ ಅಷ್ಟೇ, ಬೆಣ್ಣೆಯ ಮೇಲೆ ನಿಂತಿದ್ದರೂ ಅಷ್ಟೇ. ಅಲ್ಲಿಯೇ ಎಲ್ಲರ ಮುಂದೆ ಅವನಿಗೆ ಅಳು ಬಂತು.

ಸ್ಯಾಂಡಲ್ಲನ್ನು ಅವನು ಊರಲ್ಲಿ ಮೆಟ್ಟಲಿಲ್ಲ. ಮಿರಜದಿಂದ ರಾಯಬಾಗದವರೆಗೆ ಆ ಕಪ್ಪು ರಬ್ಬರು ಕಂಡರೆ ಯಾವ ರೋಗವೆಂದು ಎಳೆ ಮಕ್ಕಳೂ ಹೇಳುತ್ತಿದ್ದವು. ಗುಳಿಗೆ ನುಂಗಿದ, ಸ್ಯಾಂಡಲ್ಲನ್ನು ಜೋಳದ ಕಣಜದ ಹಿಂದೆ ಮುಚ್ಚಿಟ್ಟ, ಹಳೆಯ ಗಡಸು ಚಪ್ಪಲಿಯಲ್ಲೇ ಕುರಿ ಕಾಯ್ದ. ಯುಗಾದಿಯ ಹೊತ್ತಿಗೆ ಗಾಯ ಮತ್ತೂ ಆಳವಾಯಿತು. “ಇನ್ನೊಂದ ತಿಂಗಳ ಹಿಂಗs ನಡದ್ರ ಬೆರಳ ನಿಂದಲ್ಲ” ಎಂದು ಧನಪಾಲ ಕೆಂಪವ್ವನ ಮುಖ ನೋಡಿ ಹೇಳಿದ. ಗಂಡನ ಮುಖ ನೋಡಿ ಹೇಳಿ ಪ್ರಯೋಜನವಿಲ್ಲವೆಂದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು.

ಅಂದೇ ಕೆಂಪವ್ವ ಕಣಜದ ಹಿಂದಿನಿಂದ ಸ್ಯಾಂಡಲ್ ತೆಗೆದು ಸೀರೆಯ ತುಂಡಿನಲ್ಲಿ ಸುತ್ತಿ, ಗಂಡನನ್ನು ಮುಂದೆ ಮಾಡಿಕೊಂಡು ಕಾಶಿಬಾಯಿಯ ಮನೆಗೆ ಹೋದಳು. ಭೀಮಸಿ ಒಳಗೆ ಬರಲಿಲ್ಲ. ಅದೇ ಬೇವಿನ ಗಿಡದ ಕೆಳಗೆ ತಲೆ ತಗ್ಗಿಸಿ ಕೂತ. ಒಳಗೆ ಹೆಂಗಸರ ಮಾತು ಬಹಳ ಹೊತ್ತು ನಡೆಯಿತು. ಕಡೆಗೆ ಕಾಶಿಬಾಯಿ ಹೊಸ್ತಿಲಿಗೆ ಬಂದು, “ಅಲ್ಲೇ ಕುಂತ್ರ ಕಾಲ ಹೆಂಗ ಅಳೀಲಿ? ಒಳಗ ಬಾ” ಎಂದಳು.

“ಕಾಶವ್ವಾ, ಅವತ್ತ ನಾ…”

“ಕಾಲ ಚಾಚು.”

ಪಟ್ಟಿ ಕಟ್ಟಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಾಗದದ ಮೇಲೆ ಇದ್ದಿಲಿನಿಂದ ಪಾದದ ಗೆರೆ ಎಳೆದಳು. ಹಳೆಯ ಮಾತು ಎತ್ತಲಿಲ್ಲ, ನಗಲೂ ಇಲ್ಲ. ಕಪ್ಪು ರಬ್ಬರನ್ನು ಅದೇ ಗೆರೆಗೆ ಕತ್ತರಿಸಿ, ತೊಗಲಿನ ಅಟ್ಟೆಯ ಮೇಲೆ ಅಂಟಿಸಿ, ಅದರ ಮೇಲೆ ತೆಳ್ಳಗಿನ ಆಡಿನ ತೊಗಲು ಮುಚ್ಚಿದಳು. ಹೆಬ್ಬೆರಳ ಉಂಗುರ ತೆಗೆದು ಅಗಲವಾದ ಪಟ್ಟಿ ಕೂಡಿಸಿದಳು. ಎರಡು ದಿನದ ಮೇಲೆ ನೋಡಿದರೆ ಕಪ್ಪು ರಬ್ಬರು ಎಲ್ಲೂ ಕಾಣದ, ಯಾವ ಅಥಣಿ ಚಪ್ಪಲಿಗೂ ಕಡಿಮೆಯಿಲ್ಲದ ಜೋಡು.

“ಆತಿಲ್ಲೋ?” ಎಂದಳು ಕೆಂಪವ್ವ.

“ಎಲ್ಲಿ ಆತು? ಕೂಡಿಸಿದ್ದು ನಾನು, ಎಲ್ಲಿ ಕಚ್ಚತೈತಿ ಅಂತ ನನಗೇನ ಗೊತ್ತು? ಹತ್ತ ದಿನ ಯಾರರ ಮೆಟ್ಟಿ ಹೇಳಬೇಕು. ಇಂವನ ಕಾಲು ಹೇಳಂಗಿಲ್ಲ. ಹರದ ಮ್ಯಾಲ ಗೊತ್ತಾದ್ರ ಏನ ಉಪಯೋಗ?”

ಊರಲ್ಲಿ ಯಾರನ್ನು ಕೇಳುವುದು, ಏನೆಂದು ಕೇಳುವುದು? ಕೆಂಪವ್ವ ಸೀರೆಯ ನೆರಿಗೆ ತುಸು ಎತ್ತಿ ಹಿಡಿದು, ನಲವತ್ತು ವರ್ಷ ಬರಿ ನೆಲವನ್ನೇ ತುಳಿದ ತನ್ನ ಉದ್ದನೆಯ ಪಾದಗಳನ್ನು ಗಂಡನ ಹೊಸ ಚಪ್ಪಲಿಯೊಳಗೆ ತೂರಿಸಿದಳು.

ಜುಗೂಳ ಹತ್ತು ದಿನ ಬೇರೆ ಮಾತೇ ಆಡಲಿಲ್ಲ. ಭೀಮಸಿಯ ಹೆಂಡತಿ ಗಂಡನ ಕಾಲ್ಮರಿ ಮೆಟ್ಟಿ ಕುರಿ ಹಿಂದೆ ಹೊರಟಿದ್ದಾಳೆ, ಗಂಡ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾನೆ! ಮೊದಲ ದಿನ ಬೇವಿನ ಕಟ್ಟೆಯ ಮುಂದೆ ಬಂದಾಗ ಅವಳ ಹೆಜ್ಜೆ ತಡೆಯಿತು. ಕಳಚಿ ಕೈಯಲ್ಲಿ ಹಿಡಿದರೆ ಅಷ್ಟು ದಾರಿಯಲ್ಲಿ ಕಚ್ಚುವುದು ತಿಳಿಯುವುದು ಹೇಗೆ? ಮೆಟ್ಟಿಕೊಂಡೇ ದಾಟಿದಳು. ಕಟ್ಟೆಯ ಮೇಲಿದ್ದ ಭಾವುಸಾಹೇಬರು ಕೇಳಿಸುವಂತೆ, “ಗಂಡನ್ನ ಕಾಲಾಗ ಹಾಕ್ಕೊಂಡ ತುಳದಾಳ ನೋಡ್ರಿ” ಎಂದರು. ಎಲ್ಲರೂ ನಕ್ಕರು. ಸಂಜೆ ಅದನ್ನು ಕೇಳಿದ ಭೀಮಸಿ ಕುದ್ದುಹೋದ. “ನಾಳಿಂದ ಬ್ಯಾಡ. ಬೆರಳ ಹೋದ್ರ ಹೋಗ್ಲಿ.”

“ಮಾತಾಡ್ಲಿ ಬಿಡು” ಎಂದಳು ಕೆಂಪವ್ವ. “ನನ್ನ ಕಾಲಿನ ಮಾತ ಆಡೂತನಕ ನಿನ್ನ ಕಾಲಿನ ಮಾತ ಆಡಂಗಿಲ್ಲ.”

ಭೀಮಸಿ ಅವಳ ಪಾದದತ್ತ ಬಗ್ಗಿ, “ಎಲ್ಲೆ ಕಚ್ಚತು?” ಎಂದು ಕೇಳಿದ.

“ಕಚ್ಚತು, ಅಷ್ಟ.”

“ಹಂಗಲ್ಲ ಬೇ. ಚಿವುಟಿದಂಗ ಆತೋ, ಉರದಂಗ ಆತೋ? ಕಾಲ ಎತ್ತೂ ಮುಂದೋ, ಊರೂ ಮುಂದೋ?”

ಅವಳಿಗೆ ಗೊತ್ತಿರಲಿಲ್ಲ. ಅವನು ಕಲಿಸಿದ. ದಿನಾ ಸಂಜೆ ಬಾಗಿಲ ಕಟ್ಟೆಯ ಮೇಲೆ ಅವಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳು ಮುಟ್ಟಿ ಕೇಳುತ್ತಿದ್ದ. ಆರನೆಯ ದಿನದ ಹೊತ್ತಿಗೆ ಅವಳು, “ಬಲಗಾಲು, ಕಿರುಬೆರಳ ಬುಡ. ಇಳಿಜಾರಿನಾಗ ಅಷ್ಟ. ಪಟ್ಟಿ ಅಂಚು ಒಳಗ ಮಡಚೇತಿ” ಎಂದು ಹೇಳಬಲ್ಲವಳಾಗಿದ್ದಳು. ಕಾಶಿಬಾಯಿ ಅಂಚನ್ನು ಕೆತ್ತಿ ನಯ ಮಾಡಿದಳು. ಕೂತು ಕೂತು ಭೀಮಸಿಯ ಗಾಯವೂ ಬುಡದಿಂದ ತುಂಬಿಕೊಳ್ಳತೊಡಗಿತು. ಭಾವುಸಾಹೇಬರ ಗದ್ದೆ ಮಾತ್ರ ಅವನ ಕುರಿಗಳಿಗೆ ಮತ್ತೆ ತೆರೆಯಲಿಲ್ಲ.

ಹತ್ತನೆಯ ಸಂಜೆ ಕೆಂಪವ್ವ ಚಪ್ಪಲಿ ಕಳಚಿ ಗಂಡನ ಮುಂದಿಟ್ಟಳು. “ಇವತ್ತ ಎಲ್ಲೂ ಕಚ್ಚಲಿಲ್ಲ. ಇನ್ನ ಇವು ನಿನ್ನವು.”

ಭೀಮಸಿ ಚಪ್ಪಲಿ ಮುಟ್ಟಲಿಲ್ಲ. ಅವಳ ಬಲಗಾಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ. ಕಿರುಬೆರಳ ಬುಡದಲ್ಲಿ ಒಡೆದ ಗುಳ್ಳೆ ಇನ್ನೂ ಕೆಂಪಗಿತ್ತು. “ಇದು ಹೆಂಗ ಉರೀತಿತ್ತು, ಇನ್ನೊಮ್ಮೆ ಹೇಳು” ಎಂದ.

“ಹೇಳೀನಲ್ಲ. ಕಾಶವ್ವ ಅದನ್ನ ಸರಿ ಮಾಡಿ ಆತು.”

“ಚಪ್ಪಲಿ ಸಲುವಾಗಿ ಅಲ್ಲ. ನನಗ ಮರತ ಹೋಗೇತಿ ಬೇ.”

ಕೆಂಪವ್ವ ಅವನ ಕೈಯನ್ನು ತೆಗೆದು ಗುಳ್ಳೆಯ ಮೇಲಿಟ್ಟುಕೊಂಡಳು. ಮುಂಜಾನೆ ಮನೆ ಬಿಟ್ಟಾಗ ಹೇಗಿತ್ತು, ಕಟ್ಟೆ ದಾಟುವಾಗ ಹೇಗಾಯಿತು, ಹೊಳೆಯ ಇಳಿಜಾರಿನಲ್ಲಿ ಎಷ್ಟು ಉರಿಯಿತು ಎಂದು ಮೊದಲಿನಿಂದ ಹೇಳತೊಡಗಿದಳು.